ಬಸುರಿಯ ಕಾಲಬಾವು ಮತ್ತು ಅಡಿಗೆಮನೆಯ ಉಪ್ಪು

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವಂಥದು. ಉಪ್ಪನ್ನೂ ತಾಯಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹಿರಿಯರ ಮೊಮ್ಮಕ್ಕಳಾದ ನಾವು, ತಾಯಾಗಲಿರುವವಳ ಎಲೆಯಿಂದ ಉಪ್ಪನ್ನು ತೆಗೆದುಹಾಕುವ ಪದ್ಧತಿಯೊಂದನ್ನು ಹಲವು ಮನೆಗಳಲ್ಲಿ ಇಂದಿಗೂ ನಡಸಿಕೊಂಡು ಬಂದಿದ್ದೇವೆ. ಅದನ್ನು ಕುರಿತು ನಾಲ್ಕು ಮಾತು ಹೇಳಲು ಅವಕಾಶ ಕೊಡಬೇಕೆಂದು ಸಂಘದವರಲ್ಲಿ ನಾವಾಗಿಯೇ ಕೇಳಿಕೊಂಡೆವು. ಕನ್ನಡ ಪಂಡಿತರಿಗೆ ಕುಮಾರವ್ಯಾಸನನ್ನು ಬಿಟ್ಟು ಬಸುರಿ ಬಾಣಂತಿಯರ ಗೊಡವೆ ಏಕೆಂದು ಕೆಲವರು ನಕ್ಕದ್ದೂ ಉಂಟು. ನಾವು ವೈದ್ಯರಲ್ಲ. ಆದರೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನಮ್ಮನ್ನು ಈ ವಿಷಯದ ಗ್ರಂಥಗಳ ಕಡೆಗೂ ವೈದ್ಯರ ಬಾಗಿಲಿಗೂ ನೂಕಿತು. ಅದನ್ನು ಹೇಳುವುದಕ್ಕೆ ಸಂಕೋಚವಿದೆ. ಹೇಳದೆ ಹೋದರೆ ಈ ಭಾಷಣಕ್ಕೆ ಅರ್ಥವಿಲ್ಲ.

೨೦೧೪ನೆಯ ಇಸವಿಯ ಮಳೆಗಾಲ. ನಮ್ಮ ತಂಗಿ ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟನೆಯ ತಿಂಗಳು ಹಿಡಿಯುವಷ್ಟರಲ್ಲಿ ಬೆಳಗ್ಗೆ ಸರಿಯಾಗಿರುತ್ತಿದ್ದ ಕಾಲು ಸಂಜೆಗೆ ಊದಿಕೊಂಡು ಚಪ್ಪಲಿಗೆ ಹಿಡಿಯದಾಯಿತು. ಕಾಲಿಗೆ ನೀರಿಳಿದಿದೆ, ಉಪ್ಪು ನಿಲ್ಲಿಸಿದರೆ ಇಳಿಯುತ್ತದೆ ಎಂದು ನಮ್ಮ ತಾಯಿಯವರು ನಿರ್ಧರಿಸಿದರು. ಅಂದಿನಿಂದ ಅವಳಿಗೆ ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಪಲ್ಯ. ನಾಲ್ಕೈದು ದಿನ ಕಳೆದ ಮೇಲೆ ಅವಳು ನಮ್ಮ ಬಳಿ ಬಂದು, "ಅಣ್ಣಾ, ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ, ಒಂದು ಹರಳು ಉಪ್ಪು ಹಾಕಲು ಅಮ್ಮನಿಗೆ ನೀನಾದರೂ ಹೇಳು" ಎಂದಳು. ನಾವು ಹೇಳಲಿಲ್ಲ. ಹೇಳದ್ದು ಮಾತ್ರವಲ್ಲ, ಚರಕನನ್ನು ಸಾಕ್ಷಿಗೆ ಕರೆದೆವು. ಉಪ್ಪು ತಿನ್ನುವ ಗರ್ಭಿಣಿಯ ಮಗುವಿಗೆ ಬೇಗನೆ ಕೂದಲು ನರೆಯುತ್ತದೆ, ಮೈ ಸುಕ್ಕುಗಟ್ಟುತ್ತದೆ ಎಂದು ಶಾರೀರಸ್ಥಾನದಲ್ಲಿ ಹೇಳಿರುವುದನ್ನು ಅವಳಿಗೆ ಉಪನ್ಯಾಸ ಮಾಡಿದೆವು. ಅವಳು ಸುಮ್ಮನೆ ಒಳಗೆ ಹೋದಳು.

ಉಪ್ಪು ನಿಂತಿತು; ಅದರೊಡನೆ ಕೆಲಸವನ್ನೂ ಬಿಡಿಸಿ ಮಲಗಿಸಿದ್ದರಿಂದ ಬಾವೂ ತುಸು ಇಳಿಯಿತು. ಮದ್ದು ಹಿಡಿಯಿತೆಂದು ಮನೆಯವರೆಲ್ಲ ಸಮಾಧಾನಗೊಂಡೆವು. ಅದೇ ವಾರ ತಪಾಸಣೆಗೆ ಹೋಗಿಬಂದವಳು ಒಂದು ಚೀಟಿಯನ್ನು ತಂದು ನಮ್ಮ ಕೈಗೆ ಕೊಟ್ಟಳು. ಅವಳು ಕನ್ನಡ ಶಾಲೆಯಲ್ಲಿ ಓದಿದವಳು. ಮಲಯಾಳದ ಮಾತು ಬರುತ್ತದೆ, ಅಕ್ಷರ ಬಾರದು. ನಮಗೆ ಅಚ್ಚಿನ ಮಲಯಾಳ ಬರುತ್ತದೆ. ಅವಸರದ ಕೈಬರಹ ಕಷ್ಟ. ಆದರೆ ವಿದ್ವಾನ್ ಪದವಿಯವರು, ನಾಲ್ಕು ಜನರಿಗೆ ಅರ್ಜಿ ಬರೆದುಕೊಡುವವರು, ಓದಲು ಬಾರದೆಂದು ತಂಗಿಯ ಎದುರಿಗೆ ಹೇಗೆ ಹೇಳುವುದು? ಕಬ್ಬಿಣದ ಗುಳಿಗೆಯ ಸಾಲನ್ನು ಓದಿ ಹೇಳಿದೆವು. ಮಧ್ಯದಲ್ಲಿ ೧೪೨/೯೪ ಎಂಬ ಅಂಕಿಯಿತ್ತು, ಅದನ್ನೂ ಕಂಡೆವು. ಅಂಕಿಗೆ ಭಾಷೆಯಿಲ್ಲ, ಆದರೂ ಅದರ ಅರ್ಥ ನಮಗೆ ತಿಳಿಯಲಿಲ್ಲ. ಅದರ ಕೆಳಗೆ, ಮೂರು ದಿನ ಬಿಟ್ಟು ರಕ್ತದ ಒತ್ತಡ ನೋಡಿಸಲು ತಪ್ಪದೆ ಬರಬೇಕು ಎಂದು ಬರೆದಿತ್ತು. ಆ ಸಾಲನ್ನು ನಾವು ಓದಲೇ ಇಲ್ಲ.

ಒಂಬತ್ತು ದಿನಗಳ ಮೇಲೆ ಅವಳಿಗೆ ತಲೆನೋವು ಹಿಡಿಯಿತು. ಹಣೆಗೆ ಗಂಧ ಹಚ್ಚಿದೆವು. ಕಣ್ಣೆದುರು ಮಿಂಚಿನಂತೆ ಏನೋ ಸುಳಿಯುತ್ತದೆ ಎಂದಳು, ನಿತ್ರಾಣವೆಂದುಕೊಂಡೆವು. ರಾತ್ರಿ ಎದೆಗೂಡಿನ ಕೆಳಗೆ ಬಲಗಡೆಯಲ್ಲಿ ನೋವೆಂದಳು. ವಾಯುವೆಂದು ಓಮದ ಕಷಾಯ ಕೊಟ್ಟರು. ಮುಂಜಾವಿನಲ್ಲಿ ಮುಖ ಊದಿ ಕಣ್ಣು ಕಿರಿದಾಗಿದ್ದುದನ್ನು ಕಂಡು ಹೆದರಿ ಆಸ್ಪತ್ರೆಗೆ ಒಯ್ದಾಗ ಒತ್ತಡ ೧೭೦/೧೧೬. ಮೂತ್ರದಲ್ಲಿ ಸಸಾರಜನಕ ಹೋಗುತ್ತಿತ್ತು. ಇನ್ನು ಕೆಲವು ಗಂಟೆ ತಡೆದಿದ್ದರೆ ಸೆಳವು ಬಂದು ಎರಡು ಜೀವಗಳೂ ಕೈಬಿಡಬಹುದಿತ್ತೆಂದು ವೈದ್ಯರು ಹೇಳಿದರು. ಎರಡನೆಯ ದಿನ ಶಸ್ತ್ರಕ್ರಿಯೆಯಾಯಿತು. ಮೂವತ್ತನಾಲ್ಕನೆಯ ವಾರದ ಮಗು. ತೂಕ ಒಂದು ಕಿಲೋ ಏಳುನೂರು ಗ್ರಾಂ. ತಾಯಿಯೂ ಮಗುವೂ ಉಳಿದರು. ಉಪ್ಪನ್ನು ನಿಲ್ಲಿಸಿದ್ದರಿಂದ ಈ ರೋಗ ಬಂತೆಂದು ನಾವು ಹೇಳುತ್ತಿಲ್ಲ. ಉಪ್ಪನ್ನು ನಿಲ್ಲಿಸಿದೆವು, ಬಾವು ಇಳಿಯಿತು, ಇನ್ನು ಭಯವಿಲ್ಲ ಎಂದು ನಂಬಿ ಕುಳಿತೆವಲ್ಲ, ಆ ನಂಬಿಕೆಯಿಂದ ಆದ ಅನಾಹುತವನ್ನು ಹೇಳುತ್ತಿದ್ದೇವೆ.

ಹಿರಿಯರ ಈ ತರ್ಕ ಮೂರ್ಖರ ತರ್ಕವಲ್ಲ. ಆಷಾಢದ ಮಳೆಯಲ್ಲಿ ಉಪ್ಪಿನ ಮರಿಗೆ ತಾನಾಗಿ ನೀರೊಡೆಯುವುದನ್ನು ನೋಡಿದವರು, ಉಪ್ಪು ಇರುವಲ್ಲಿ ನೀರು ಸೇರುತ್ತದೆಂದು ಊಹಿಸಿದರೆ ತಪ್ಪೇನು? ಪಾಶ್ಚಾತ್ಯ ವೈದ್ಯರೂ ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಗರ್ಭಿಣಿಯರಿಗೆ ಉಪ್ಪು ಕಡಿಮೆ ಮಾಡಿಸುತ್ತಿದ್ದರು. ಇನ್ನು ಚರಕನ ಮಾತು. ಆ ಘಟನೆಯ ಮೇಲೆ ಗ್ರಂಥವನ್ನು ತೆರೆದು ನೋಡಿದೆವು. ಅಲ್ಲಿ 'ನಿತ್ಯಾ' ಎಂಬ ಪದವಿದೆ. ಸದಾ ಉಪ್ಪನ್ನೇ ಹೆಚ್ಚಾಗಿ ಸೇವಿಸುವವಳು ಎಂದು ಅದರ ಅಭಿಪ್ರಾಯ. ಹುಳಿಯನ್ನೂ ಸಿಹಿಯನ್ನೂ ಕುರಿತು ಅದೇ ರೀತಿ ಹೇಳಿದ್ದಾನೆ. ಅತಿಯನ್ನು ನಿಷೇಧಿಸಿದ ಆಚಾರ್ಯನಿಂದ ಸಂಪೂರ್ಣ ವರ್ಜನದ ವಿಧಿಯನ್ನು ನಾವು ಹೊರಡಿಸಿದ್ದೆವು. ಸಮಾಸವನ್ನು ಬಿಡಿಸಿ ಅರ್ಥ ಹೇಳುವುದು ನಮ್ಮ ವೃತ್ತಿಯೇ ಆಗಿದ್ದೂ ಹೀಗಾಯಿತು.

ವೈದ್ಯರಿಂದ ನಾವು ತಿಳಿದುಕೊಂಡದ್ದನ್ನು ಅರಿಕೆಮಾಡುತ್ತೇವೆ. ಬಸಿರಿನಲ್ಲಿ ಹೆಂಗಸಿನ ರಕ್ತದ ಪ್ರಮಾಣ ನೂರಕ್ಕೆ ನಲವತ್ತರಿಂದ ಐವತ್ತರಷ್ಟು ಹೆಚ್ಚುತ್ತದೆ. ಶರೀರದಲ್ಲಿ ಒಟ್ಟು ಆರರಿಂದ ಎಂಟು ಲೀಟರಿನಷ್ಟು ನೀರು ಅಧಿಕವಾಗಿ ಸೇರುತ್ತದೆ. ಮಗುವಿಗೂ ಮಾಸಿಗೂ ರಕ್ತವನ್ನು ಒದಗಿಸಲು ಪ್ರಕೃತಿಯು ಮಾಡಿಕೊಂಡ ಏರ್ಪಾಡು ಇದು. ಇದಕ್ಕಾಗಿಯೇ ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತವೆ. ಜೊತೆಗೆ, ಬೆಳೆದ ಗರ್ಭಕೋಶವು ಕಾಲಿನಿಂದ ಮೇಲೇರುವ ರಕ್ತದ ದಾರಿಯನ್ನು ಒತ್ತುತ್ತದೆ. ಆದುದರಿಂದ ದಿನವೆಲ್ಲ ನಿಂತು ನಡೆದವಳ ಪಾದ ಸಂಜೆಗೆ ಊದುವುದೂ, ರಾತ್ರಿ ಮಲಗಿ ಎದ್ದರೆ ಇಳಿಯುವುದೂ ಬಹುಮಟ್ಟಿಗೆ ಸಹಜ. ಇದಕ್ಕೆ ಎಡಮಗ್ಗುಲಿಗೆ ಮಲಗುವುದು, ಕಾಲನ್ನು ತುಸು ಎತ್ತರದಲ್ಲಿ ಇಟ್ಟುಕೊಳ್ಳುವುದು, ಬಹಳ ಹೊತ್ತು ನಿಲ್ಲದಿರುವುದು, ಇಷ್ಟೇ ಉಪಾಯ. ನೀರು ಕುಡಿಯುವುದನ್ನು ಕಡಿಮೆ ಮಾಡಬೇಕಾಗಿಲ್ಲ.

ಉಪ್ಪನ್ನು ಬಿಟ್ಟರೆ ರೋಗವು ತಪ್ಪುವುದೇ ಎಂಬುದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ೧೯೫೮ರಲ್ಲಿ ಮಾರ್ಗರೆಟ್ ರಾಬಿನ್ಸನ್ ಎಂಬವರು ಇಂಗ್ಲೆಂಡಿನಲ್ಲಿ ಎರಡು ಸಾವಿರಕ್ಕೂ ಮಿಕ್ಕ ಗರ್ಭಿಣಿಯರಲ್ಲಿ ಕೆಲವರಿಗೆ ಉಪ್ಪು ಹೆಚ್ಚಿಸಲೂ ಕೆಲವರಿಗೆ ಕಡಿಮೆಮಾಡಲೂ ಹೇಳಿ, ಅದರ ಫಲವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಡಿಮೆಮಾಡಿದವರಲ್ಲಿಯೇ ರೋಗ ಹೆಚ್ಚು ಕಂಡಿತ್ತು. ಇಂದಿನ ಕಟ್ಟುನಿಟ್ಟಿನ ಕ್ರಮದಲ್ಲಿ ನಡೆದ ಪರೀಕ್ಷೆ ಅದಲ್ಲವಾದ್ದರಿಂದ ಹೆಚ್ಚು ಉಪ್ಪು ತಿನ್ನಿರೆಂದು ಅದರಿಂದ ಹೇಳಲಾಗದು. ಮುಂದೆ ನೆದರ್ಲೆಂಡಿನಲ್ಲಿ ಎರಡು ಪರೀಕ್ಷೆಗಳಾದವು. ಒಟ್ಟು ೬೦೩ ಮಂದಿ ಗರ್ಭಿಣಿಯರು. ಉಪ್ಪು ಕಡಿಮೆ ಮಾಡಿದವರಿಗೂ ಎಂದಿನಂತೆ ತಿಂದವರಿಗೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ.

ಕಾರಣವನ್ನು ಕೇಳಿದಾಗ ನಮಗೆ ಆಶ್ಚರ್ಯವಾಯಿತು. ಈ ರೋಗದ ಮೂಲ ಅಡಿಗೆಮನೆಯಲ್ಲಿಲ್ಲ, ಮಾಸಿನಲ್ಲಿದೆ. ಮಾಸಿನ ರಕ್ತನಾಳಗಳು ಸರಿಯಾಗಿ ಬೆಳೆಯದೆ ಅಲ್ಲಿಂದ ಹೊರಟ ಪದಾರ್ಥಗಳು ತಾಯಿಯ ರಕ್ತನಾಳಗಳನ್ನು ಕೆಡಿಸುತ್ತವೆ. ನಾಳಗಳು ಬಿಗಿದು ಒತ್ತಡ ಏರುತ್ತದೆ, ಒಳಗಿನ ನೀರು ಹೊರಗೆ ಸೋರುತ್ತದೆ. ಮೈಯೆಲ್ಲ ನೀರು ತುಂಬಿದಂತೆ ಕಂಡರೂ ನಾಳಗಳ ಒಳಗೆ ನೀರಿಗೆ ಬರ. ಅಂಥವಳಿಗೆ ಉಪ್ಪು ನಿಲ್ಲಿಸಿ ಯಾವ ಪ್ರಯೋಜನ? ಕಾಲಬಾವನ್ನು ಈ ರೋಗದ ಲಕ್ಷಣವೆಂದು ಎಣಿಸುವುದನ್ನೇ ವೈದ್ಯರು ೨೦೦೦ದ ಈಚೆಗೆ ಬಿಟ್ಟಿದ್ದಾರೆ. ಬಾವಿಲ್ಲದೆಯೂ ಈ ರೋಗ ಬರಬಲ್ಲದು. ಐದು ತಿಂಗಳು ತುಂಬಿದ ಮೇಲೆ ಒತ್ತಡ ೧೪೦/೯೦ನ್ನು ಮುಟ್ಟಿತೆಂದರೆ ಎಚ್ಚರಿಕೆಯ ಗಂಟೆ. ೧೬೦/೧೧೦ ಎಂದರೆ ಮನೆಯಲ್ಲಿ ನಿಲ್ಲುವ ಹೊತ್ತಲ್ಲ.

ಸಪ್ಪೆಯೂಟದಿಂದ ಬೇರೆ ಕೇಡೂ ಇದೆ. ರುಚಿ ಕೆಟ್ಟರೆ ಊಟ ಕುಗ್ಗುತ್ತದೆ, ಮಗು ಬೆಳೆಯಬೇಕಾದ ತಿಂಗಳುಗಳಲ್ಲಿ ತಾಯಿ ಸೊರಗುತ್ತಾಳೆ. ಗರ್ಭಿಣಿಗೆ ದಿನಕ್ಕೆ ೨೫೦ ಮೈಕ್ರೋಗ್ರಾಂ ಅಯೋಡಿನ್ ಬೇಕು. ಮಗುವಿನ ಮೆದುಳು ಅದನ್ನು ಬೇಡುತ್ತದೆ. ನಮ್ಮ ಮನೆಗಳಿಗೆ ಅದು ಮುಖ್ಯವಾಗಿ ಬರುವುದು ಅಯೋಡಿನ್ ಸೇರಿಸಿದ ಉಪ್ಪಿನ ಮೂಲಕವೇ. ಕಡಲತೀರದವರಾದ ನಾವು ಹರಳುಪ್ಪಿನಲ್ಲಿ ಅದು ತಾನಾಗಿ ಇದೆಯೆಂದು ತಿಳಿದಿದ್ದೇವೆ, ಹಾಗಿಲ್ಲ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆಯೆಂದು ಅಚ್ಚಾಗಿರುವುದನ್ನು ನೋಡಿ ಕೊಳ್ಳಬೇಕು, ಮುಚ್ಚಳವಿರುವ ಭರಣಿಯಲ್ಲಿ ಇಡಬೇಕು.

ಹಾಗೆಂದು ಇಂದೇ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬಸುರಿಯ ಮುಂದೆ ತೆರೆದಿಡಬೇಡಿರಿ. ದೊಡ್ಡವರಿಗೆ ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಚಹದ ಚಮಚೆಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪುಸೊಳೆ, ಹಪ್ಪಳ, ಬಾಳಕದ ಮೆಣಸು, ಒಣಮೀನು ಇವುಗಳಲ್ಲಿ ಸೇರುವ ಉಪ್ಪೂ ಆ ಲೆಕ್ಕದೊಳಗೇ ಬರತಕ್ಕದ್ದು. ಬಸಿರಿಗೆ ಮೊದಲೇ ರಕ್ತದೊತ್ತಡವೋ ಮೂತ್ರಪಿಂಡದ ಅಥವಾ ಹೃದಯದ ರೋಗವೋ ಇದ್ದವರು ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು. ಉಳಿದ ಬಸುರಿಯರಿಗೆ ಮನೆಮಂದಿಯ ಸಾರೇ ಅವಳ ಸಾರು.

ಇನ್ನು, ಅತ್ತೆಯಂದಿರೂ ತಾಯಂದಿರೂ ನೆನಪಿಡಬೇಕಾದ ಲಕ್ಷಣಗಳು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮಿಂಚು ಕಾಣುವುದು, ಎದೆಗೂಡಿನ ಕೆಳಗೆ ನೋವು, ಮುಖವೂ ಕೈಯೂ ಒಮ್ಮೆಗೇ ಊದಿ ಉಂಗುರ ಬಿಗಿಯಾಗುವುದು, ಉಸಿರು ಕಟ್ಟುವುದು, ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಕಷಾಯ ಕಾಸುತ್ತ ಕೂಡಬೇಡಿರಿ, ೧೦೮ಕ್ಕೆ ಕರೆಮಾಡಿರಿ. ಒಂದೇ ಕಾಲು ಊದಿ ನೋಯುತ್ತಿದ್ದರೂ ಅಂದೇ ತೋರಿಸಬೇಕು. ಅದು ರಕ್ತ ಹೆಪ್ಪುಗಟ್ಟಿದ್ದರ ಗುರುತಾಗಿರಬಹುದು. ಹೆರಿಗೆಯಾಯಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ, ಬಾಣಂತನದಲ್ಲಿಯೂ ಒತ್ತಡದ ರೋಗ ಬರುವುದುಂಟು. ಸರಕಾರಿ ಆಸ್ಪತ್ರೆಗಳಲ್ಲಿ ಕೊಡುವ ಸುಣ್ಣಾಂಶದ ಗುಳಿಗೆಯನ್ನು ನಮ್ಮ ಹೆಂಗಸರು ಉಷ್ಣವೆಂದು ಹಿತ್ತಿಲಿಗೆ ಎಸೆಯುವುದನ್ನು ಕಂಡಿದ್ದೇವೆ. ಆಹಾರದಲ್ಲಿ ಸುಣ್ಣಾಂಶ ಸಾಲದವರಲ್ಲಿ ಈ ರೋಗವನ್ನು ತಗ್ಗಿಸುವ ಗುಳಿಗೆ ಅದು; ಕಬ್ಬಿಣದ ಗುಳಿಗೆಯೊಡನೆ ಒಟ್ಟಿಗೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಪ್ರತಿ ತಿಂಗಳ ೯ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡು ೨೦೧೬ರಿಂದ ದೇಶದಾದ್ಯಂತ ಇದೆ. ಒತ್ತಡವನ್ನು ನೋಡುವುದಕ್ಕೆ ಎರಡು ನಿಮಿಷ ಸಾಕು.

ಒಂದು ಮಾತನ್ನು ಹೇಳಲು ಮರೆತೆವು. ಅಂದು ನಮ್ಮ ತಂಗಿಗೆ ಸೆಳವು ಬಾರದಂತೆ ಕೊಟ್ಟ ಚುಚ್ಚುಮದ್ದು ಯಾವುದೆಂದು ಕೇಳಿದರೆ, ಮೆಗ್ನೀಸಿಯಂ ಸಲ್ಫೇಟ್ ಎಂದರು. ಹಿಂದಿನವರು ಭೇದಿಗೆ ಕೊಡುತ್ತಿದ್ದ ಎಪ್ಸಂ ಉಪ್ಪು ಅದೇ! ಮೂವತ್ತಮೂರು ದೇಶಗಳ ಹತ್ತು ಸಾವಿರ ಹೆಂಗಸರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಅದು ಸೆಳವಿನ ಸಂಭವವನ್ನು ಅರ್ಧಕ್ಕೆ ಇಳಿಸಿತೆಂದು ೨೦೦೨ರಲ್ಲಿ ಪ್ರಕಟವಾಯಿತು. ಹದಿನೈದು ದಿನ ಒಂದು ಉಪ್ಪನ್ನು ತಡೆದ ನಾವು, ಆ ದಿನ ಇನ್ನೊಂದು ಉಪ್ಪಿಗಾಗಿ ಆಸ್ಪತ್ರೆಯ ಔಷಧಾಲಯಕ್ಕೆ ಓಡಿದೆವು.

ಗಡಿಯಲ್ಲಿರುವ ನಮಗೆ ಈ ಎಚ್ಚರ ಇಮ್ಮಡಿಯಾಗಿ ಬೇಕು. ಏನಾದರೂ ಆದರೆ ಮಂಗಳೂರಿದೆ ಎಂಬ ಧೈರ್ಯದಲ್ಲಿ ನಾವು ಬದುಕಿದವರು. ೨೦೨೦ರ ಮಾರ್ಚಿ ತಿಂಗಳ ಕೊನೆಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಆ ಧೈರ್ಯ ಎಷ್ಟರದೆಂದು ಕಂಡೆವು. ಕೊನೆಯ ಗಳಿಗೆಯಲ್ಲಿ ಓಡುವುದಕ್ಕಿಂತ ಊರಿನ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಿಂಗಳು ಒತ್ತಡ ನೋಡಿಸುವುದು ಸುಲಭ. ಅಲ್ಲಿಂದ ಬಂದ ಚೀಟಿಯಲ್ಲಿ ಏನಿದೆಯೆಂದು ಬಸುರಿಗೆ ಅವಳ ಭಾಷೆಯಲ್ಲಿ ತಿಳಿಯಬೇಕು. ಕನ್ನಡದಲ್ಲಿ ಹೇಳಿರೆಂದು ಕೇಳುವುದರಲ್ಲಿ ಅವಮಾನವಿಲ್ಲ. ಓದಲು ಬಾರದು ಎನ್ನುವುದರಲ್ಲಿಯೂ ಇಲ್ಲ. ಇದನ್ನು ಕಲಿಯಲು ನಮಗೆ ನಲವತ್ತರ ಹತ್ತಿರದ ವಯಸ್ಸಾಗಬೇಕಾಯಿತು.

ಸಂಘದ ಇಬ್ಬರು ಸಹೋದರಿಯರು, ಎರಡೂ ಭಾಷೆಗಳನ್ನು ಚೆನ್ನಾಗಿ ಓದಬಲ್ಲವರು, ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿರುತ್ತಾರೆ. ಮನೆಯಲ್ಲಿ ಬಸುರಿಯರಿದ್ದು, ಮಲಯಾಳದ ಚೀಟಿಯನ್ನು ತಂದವರು ಅವರಿಗೆ ತೋರಿಸಿ ಕನ್ನಡದಲ್ಲಿ ಬರೆಯಿಸಿಕೊಂಡು ಹೋಗಬೇಕಾಗಿ ವಿನಂತಿ. ನಮಗೆ ತೋರಿಸಬೇಡಿರಿ. ನಮ್ಮ ಮಲಯಾಳದ ಯೋಗ್ಯತೆಯನ್ನು ಆಗಲೇ ಹೇಳಿಕೊಂಡಿದ್ದೇವೆ.