ಹತ್ತಿರದ ಹಡಗಿಗೆ ಕೇಳಲಿಲ್ಲ, ದೂರದ ಹಳ್ಳಿಗೆ ಕೇಳಿಸ್ತು

ಟವರ್ ಕಣ್ಣೆದುರೇ ಇದ್ದು ಫೋನಲ್ಲಿ ಸಿಗ್ನಲ್ ಇಲ್ಲ ಅಂದ್ರೆ ಮೈಯೆಲ್ಲಾ ಉರಿಯುತ್ತೆ, ಅಲ್ವಾ? ಇವತ್ತಿನ ಕಥೆಯಲ್ಲಿ ಹಾಗೆ ಪರದಾಡಿದವರು ಉತ್ತರ ಧ್ರುವದ ಕಡೆ, ಸಮುದ್ರದಲ್ಲಿ ತೇಲೋ ಮಂಜುಗಡ್ಡೆಯ ಮೇಲಿದ್ದರು.

1928ರ ಮೇ 25. ಧ್ರುವದ ಮೇಲೆ ಹಾರಿ ವಾಪಸ್ ಬರ್ತಿದ್ದ 'ಇಟಾಲಿಯ' ಅನ್ನೋ ವಾಯುನೌಕೆ ಕೆಳಗೆ ಅಪ್ಪಳಿಸಿತು. ಅದರಲ್ಲಿ ಇದ್ದವರು 16 ಜನ. ಹತ್ತು ಜನ ಮಂಜಿನ ಮೇಲೆ ಬಿದ್ದರು, ಅವರಲ್ಲೊಬ್ಬರು ಅಲ್ಲೇ ತೀರಿಕೊಂಡರು. ಹಗುರಾದ ನೌಕೆ ಉಳಿದ ಆರು ಮಂದಿಯನ್ನು ಹೊತ್ತುಕೊಂಡೇ ಗಾಳಿಗೆ ಹಾರಿಹೋಯಿತು. ಆ ಆರು ಜನರ ಸುಳಿವು ಇವತ್ತಿಗೂ ಇಲ್ಲ.

ಚೆಲ್ಲಾಪಿಲ್ಲಿಯಾದ ಸಾಮಾನಲ್ಲಿ ಒಂದು ಪುಟ್ಟ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಸಿಕ್ಕಿತು. ರೇಡಿಯೋ ಆಪರೇಟರ್ ಜುಸೆಪ್ಪೆ ಬಿಯಾಜಿ ಅವತ್ತಿಂದಲೇ ಎಸ್‌ಒಎಸ್ ಕಳಿಸೋಕೆ ಶುರುಮಾಡಿದರು. ಕೆಲವೇ ನೂರು ಕಿಲೋಮೀಟರ್ ದೂರದ ಸ್ಪಿಟ್ಸ್‌ಬರ್ಗನ್‌ನಲ್ಲಿ ಅವರದೇ ಹಡಗು 'ಚಿತ್ತಾ ದಿ ಮಿಲಾನೋ' ನಿಂತಿತ್ತು. ಉತ್ತರವೇ ಇಲ್ಲ! ವಿಚಿತ್ರ ನೋಡಿ, ಡೇರೆಯಲ್ಲಿ ಕೂತವರಿಗೆ ರೋಮ್‌ನ ರೇಡಿಯೋ ವಾರ್ತೆ ಸರಿಯಾಗೇ ಕೇಳ್ತಿತ್ತು. ಅವರ ದನಿ ಮಾತ್ರ ಯಾರಿಗೂ ಮುಟ್ಟುತ್ತಿರಲಿಲ್ಲ.

ಯಾಕೆ ಹೀಗೆ? ಶಾರ್ಟ್‌ವೇವ್ ಅಲೆ ನೆಲದ ಗುಂಟ ಹೆಚ್ಚು ದೂರ ಸಾಗಲ್ಲ. ಮೇಲಕ್ಕೆ ಹೋಗಿ, ಅಯನಗೋಳಕ್ಕೆ ತಾಗಿ, ಎಲ್ಲೋ ದೂರದಲ್ಲಿ ಕೆಳಗಿಳಿಯುತ್ತೆ. ನಡುವಿನ ಜಾಗ ಪೂರ್ತಿ ಮೌನ. ಹಡಗು ಆ ಮೌನದ ಪಟ್ಟಿಯಲ್ಲಿ ಸಿಕ್ಕಿತ್ತು ಅನ್ನೋದು ಒಂದು ವಿವರಣೆ. ಹಡಗಿನವರು ಗಮನ ಕೊಟ್ಟು ಕೇಳಲಿಲ್ಲ ಅನ್ನೋ ದೂರೂ ಇದೆ. ನನಗನಿಸೋದು, ಎರಡೂ ಸೇರಿತ್ತು.

ಜೂನ್ 3. ರಷ್ಯಾದ ವೋಖ್ಮ ಕಡೆಯ ಒಂದು ಹಳ್ಳಿ, ಎರಡು ಸಾವಿರ ಕಿಲೋಮೀಟರ್‌ಗೂ ಆಚೆ. ನಿಕೊಲಾಯ್ ಶ್ಮಿತ್ ಅನ್ನೋ ಯುವಕನ ಕೈಯಲ್ಲೇ ಜೋಡಿಸಿದ ರೇಡಿಯೋದಲ್ಲಿ ಚೂರುಚೂರು ಸದ್ದು: ಇಟಾಲಿಯ, ನೋಬಿಲೆ, ಎಸ್‌ಒಎಸ್. ನೋಬಿಲೆ ಅಂದ್ರೆ ಆ ವಾಯುನೌಕೆಯ ನಾಯಕ. ತಕ್ಷಣ ಮಾಸ್ಕೋಗೆ ತಂತಿ ಹೋಯ್ತು. ಜೂನ್ 6ರಂದು ಡೇರೆಯವರು ರೋಮ್ ವಾರ್ತೆಯಲ್ಲೇ ಆ ಸುದ್ದಿ ಕೇಳಿದರು: ನಿಮ್ಮ ಕರೆ ಒಬ್ಬನಿಗೆ ಮುಟ್ಟಿದೆ!

ಅಲ್ಲಿಂದಾಚೆ ಹುಡುಕಾಟಕ್ಕೆ ಗುರಿ ಸಿಕ್ಕಿತು. ಹುಡುಕೋಕೆ ಹೊರಟ ಆಮುಂಡ್ಸನ್ ಅವರ ವಿಮಾನವೇ ಜೂನ್ 18ರಂದು ಕಾಣೆಯಾಯ್ತು. ಜುಲೈ 12ಕ್ಕೆ ಸೋವಿಯತ್ ಹಿಮಭಂಜಕ ಹಡಗು 'ಕ್ರಾಸಿನ್' ಡೇರೆ ಮುಟ್ಟಿತು. ಬಿಯಾಜಿ ಬದುಕಿದರು, 16ರಲ್ಲಿ ಉಳಿದವರು ಒಟ್ಟು ಎಂಟು.

ಶ್ಮಿತ್‌ಗೆ ಆಗ ಮೆಚ್ಚುಗೆ ಸಿಕ್ಕಿತು. 1942ರಲ್ಲಿ ಸ್ಟಾಲಿನ್ ಸರ್ಕಾರ ಅದೇ ಶ್ಮಿತ್‌ಗೆ ಮರಣದಂಡನೆ ಕೊಟ್ಟಿತು. ನಿರಪರಾಧಿ ಅಂತ ಒಪ್ಪಿಕೊಂಡಿದ್ದು 1984ರಲ್ಲಿ.