ಚಂದದ ಸ್ಕ್ರೀನ್ ಸಾಲದು, ವೋಚರ್ ಬೇಕು: ಡಿಸೈನ್ ಪೋರ್ಟ್‌ಫೋಲಿಯೋ ಬಗ್ಗೆ ಒಂದಿಷ್ಟು ಮಾತು

ಈ ಸಂಚಿಕೆಗೆ ಕಾರಣ ನಿಮ್ಮಿಂದ ಮತ್ತೆ ಮತ್ತೆ ಬರ್ತಿರೋ ಒಂದು ಪ್ರಶ್ನೆ. "ಯುಐ-ಯುಎಕ್ಸ್ ಕೋರ್ಸ್ ಮುಗಿಸಿದೀನಿ, ಪೋರ್ಟ್‌ಫೋಲಿಯೋ ಇದೆ, ಎಲ್ಲಾ ಕಡೆ ಅಪ್ಲೈ ಮಾಡಿದೀನಿ. ಒಂದು ಕಾಲ್ ಕೂಡ ಬರ್ತಿಲ್ಲ. ಏನು ಮಾಡ್ಲಿ?"

ನಾನು ಓದಿದ್ದು ಬಿಕಾಂ. ನಮ್ಮ ಕ್ಲಾಸಲ್ಲಿ ಪೋರ್ಟ್‌ಫೋಲಿಯೋ ಅಂದ್ರೆ ಷೇರು, ಮ್ಯೂಚುವಲ್ ಫಂಡು. ಆದ್ರೆ ಡಿಸೈನರ್‌ಗಳ ಪೋರ್ಟ್‌ಫೋಲಿಯೋ ನೋಡಿದಾಗ ನನಗೆ ನೆನಪಾಗೋದು ಅದಲ್ಲ, ವೋಚರ್ ಫೈಲು. ಲೆಡ್ಜರ್‌ನಲ್ಲಿ ಎಷ್ಟೇ ಚಂದದ ಅಕ್ಷರದಲ್ಲಿ ಎಂಟ್ರಿ ಬರೆದಿದ್ರೂ ಆಡಿಟರ್ ಕೇಳೋದು ಒಂದೇ ಮಾತು: "ಇದಕ್ಕೆ ವೋಚರ್ ಎಲ್ಲಿ?" ಡಿಸೈನ್ ಇಂಟರ್ವ್ಯೂನಲ್ಲೂ ಅದೇ ಕಥೆ. ಈ ಬಟನ್ ಇಲ್ಲಿ ಯಾಕಿದೆ? ಈ ಪುಟ ಯಾಕೆ ತೆಗೆದ್ರಿ? ಉತ್ತರ ಇದ್ರೆ ಅದು ಪೋರ್ಟ್‌ಫೋಲಿಯೋ. ಇಲ್ಲದಿದ್ರೆ ಅದು ಫೋಟೋ ಆಲ್ಬಮ್.

ಮೊದಲು ಈ ಕೆಲಸ ಏನು ಅಂತ ನೋಡೋಣ. ಬಿಲ್ ಮಾಗ್ರಿಜ್ ಅನ್ನೋ ಬ್ರಿಟಿಷ್ ಡಿಸೈನರ್ ಒಬ್ರಿದ್ರು. 1982ರಲ್ಲಿ ಮಾರುಕಟ್ಟೆಗೆ ಬಂದ ಗ್ರಿಡ್ ಕಂಪಾಸ್ ಅನ್ನೋ ಲ್ಯಾಪ್‌ಟಾಪ್‌ಗೆ ರೂಪ ಕೊಟ್ಟವರು ಇವರೇ. ಇವತ್ತಿನ ಲ್ಯಾಪ್‌ಟಾಪ್ ಥರ ಮಡಚಿ ಮುಚ್ಚೋ ಮೊದಲ ಕಂಪ್ಯೂಟರ್‌ಗಳಲ್ಲಿ ಅದೂ ಒಂದು. ಮೆಷಿನ್ ಕೈಗೆ ಬಂದು ಬಳಸೋಕೆ ಶುರು ಮಾಡಿದ ಮೇಲೆ ಅವರಿಗೆ ಒಂದು ವಿಷಯ ಹೊಳೀತು. ಹೊರಗಿನ ಪೆಟ್ಟಿಗೆ ಸ್ವಲ್ಪ ಹೊತ್ತಲ್ಲೇ ಮರೆತುಹೋಗುತ್ತೆ. ಆಮೇಲೆ ಮನುಷ್ಯ ಒದ್ದಾಡೋದೆಲ್ಲ ಪರದೆ ಒಳಗಿನ ಸಾಫ್ಟ್‌ವೇರ್ ಜೊತೆ. ಹಾಗಾದ್ರೆ ಅದನ್ನೂ ಯಾರಾದ್ರೂ ಡಿಸೈನ್ ಮಾಡಬೇಕಲ್ವಾ? ಅವರು ಮತ್ತು ಬಿಲ್ ವರ್‌ಪ್ಲ್ಯಾಂಕ್ ಸೇರಿ 1980ರ ದಶಕದ ಮಧ್ಯದಲ್ಲಿ ಈ ಕೆಲಸಕ್ಕೆ ಇಟ್ಟ ಹೆಸರೇ ಇಂಟರಾಕ್ಷನ್ ಡಿಸೈನ್.

ಹತ್ತಿರದ ಉದಾಹರಣೆ ಬೇಕಾ? ಎಟಿಎಂ ನೋಡಿ. ಎಷ್ಟೋ ಎಟಿಎಂಗಳು ಕಾರ್ಡ್ ವಾಪಸ್ ಕೊಟ್ಟ ಮೇಲೇನೇ ದುಡ್ಡು ಕೊಡುತ್ತವೆ. ಯಾಕೆ? ನಾವು ಹೋಗಿರೋದು ದುಡ್ಡಿಗೆ. ದುಡ್ಡು ಕೈಗೆ ಸಿಕ್ಕ ತಕ್ಷಣ ಕೆಲಸ ಮುಗೀತು ಅಂತ ತಲೆ ತೀರ್ಮಾನ ಮಾಡುತ್ತೆ, ಕಾರ್ಡ್ ಅಲ್ಲೇ ಮರೆತು ಬರ್ತೀವಿ. ಕ್ರಮ ತಿರುಗಿಸಿದ್ರೆ ಮರೆಯೋ ಸಾಧ್ಯತೆ ಕಡಿಮೆ. ಇಲ್ಲಿ ಬಣ್ಣ ಇಲ್ಲ, ಅನಿಮೇಷನ್ ಇಲ್ಲ. ಎರಡು ಹೆಜ್ಜೆ ಅದಲು ಬದಲು ಮಾಡಿದ್ದೇ ಡಿಸೈನ್.

ಇನ್ನೊಂದು, ಅಂಗಡಿಗಳಲ್ಲಿ ದುಡ್ಡು ಬಂತು ಅಂತ ಕೂಗಿ ಹೇಳೋ ಪುಟ್ಟ ಡಬ್ಬಿ. ದೋಸೆ ಹುಯ್ಯೋ ಅಣ್ಣನ ಕೈಯೆಲ್ಲ ಹಿಟ್ಟು. ಪ್ರತಿ ಗಿರಾಕಿಗೂ ಫೋನ್ ತೆಗೆದು ಮೆಸೇಜ್ ನೋಡೋಕಾಗುತ್ತಾ? ಹಾಗಾಗಿ ಉತ್ತರ ಕಣ್ಣಿಗಲ್ಲ, ಕಿವಿಗೆ ಬಂತು. ಅದೂ ಕನ್ನಡದಲ್ಲಿ. ಇಂಥದ್ದನ್ನ ಗಮನಿಸೋ ಕಣ್ಣು ನಿಮಗಿದೆಯಾ ಅಂತ ತೋರಿಸೋದೇ ಪೋರ್ಟ್‌ಫೋಲಿಯೋ ಕೆಲಸ.

ಆದ್ರೆ ಹೆಚ್ಚಿನ ಹೊಸಬರ ಪೋರ್ಟ್‌ಫೋಲಿಯೋದಲ್ಲಿ ಏನಿರುತ್ತೆ? ಒಂದು ಮ್ಯೂಸಿಕ್ ಆ್ಯಪ್ ರೀಡಿಸೈನ್. ಒಂದು ಫುಡ್ ಡೆಲಿವರಿ ಆ್ಯಪ್ ರೀಡಿಸೈನ್. ಇಂಟರ್ನೆಟ್‌ನಿಂದ ಇಳಿಸಿದ ನಗುಮುಖದ ಫೋಟೋ ಹಾಕಿ, "ಇವರು ಬಿಡುವಿಲ್ಲದ ವೃತ್ತಿಪರರು" ಅಂತ ಬರೆದ ಒಂದು ಪರ್ಸೋನಾ. ಬಣ್ಣಬಣ್ಣದ ಸ್ಟಿಕಿ ನೋಟ್‌ಗಳ ಒಂದು ಫೋಟೋ. ಕೋರ್ಸಲ್ಲಿ ಕೂತ ಎಲ್ಲರ ಹತ್ರಾನೂ ಇದೇ ಇದ್ರೆ, ಆಯ್ಕೆ ಮಾಡೋರು ನಿಮ್ಮನ್ನ ಗುರುತು ಹಿಡಿಯೋದಾದ್ರೂ ಹೇಗೆ? ಮೇಲಾಗಿ ಈಗ ಎಐ ಟೂಲ್‌ಗೆ ನಾಲ್ಕು ಸಾಲು ಬರೆದ್ರೆ ನೋಡೋಕೆ ಚೆನ್ನಾಗಿರೋ ಸ್ಕ್ರೀನ್ ಬಂದುಬಿಡುತ್ತೆ. ಸಪ್ಲೈ ಜಾಸ್ತಿಯಾದ್ರೆ ಬೆಲೆ ಇಳಿಯುತ್ತೆ, ಅದು ಪಿಯುಸಿ ಎಕನಾಮಿಕ್ಸ್. ಸ್ಕ್ರೀನ್‌ನ ಬೆಲೆ ಇಳೀತಿದೆ. ಕಾರಣದ ಬೆಲೆ ಇಳಿದಿಲ್ಲ.

ಸರಿ, ಹಾಗಾದ್ರೆ ಏನು ಮಾಡಬೇಕು? ಒಂದು ಪ್ರಾಜೆಕ್ಟ್ ಪೂರ್ತಿ ಹೇಳ್ತೀನಿ. ನಿಮ್ಮೂರಿನ ಹಾಲಿನ ಡೈರಿ ತಗೊಳ್ಳಿ. ಬೆಳಿಗ್ಗೆ, ಸಂಜೆ ಜನ ಹಾಲು ತರ್ತಾರೆ. ಅಳತೆ ಆಗುತ್ತೆ, ಫ್ಯಾಟ್ ನೋಡ್ತಾರೆ, ಎಸ್‌ಎನ್‌ಎಫ್ ನೋಡ್ತಾರೆ, ಅಂದ್ರೆ ಕೊಬ್ಬು ಬಿಟ್ಟು ಉಳಿದ ಘನಾಂಶ. ಇದರ ಮೇಲೆ ರೇಟು. ಬಟವಾಡೆ ದಿನ ದುಡ್ಡು ಕಡಿಮೆ ಬಂತು ಅನಿಸಿದ್ರೆ ರೈತ ಅದನ್ನ ಹೇಗೆ ತಾಳೆ ನೋಡ್ತಾನೆ? ಇದೊಂದು ಅಪ್ಪಟ ಇಂಟರಾಕ್ಷನ್ ಡಿಸೈನ್ ಪ್ರಶ್ನೆ.

ಮೊದಲ ಹೆಜ್ಜೆ, ಸುಮ್ಮನೆ ನೋಡೋದು. ಸೆಕ್ರೆಟರಿ ಹತ್ರ ಅನುಮತಿ ಕೇಳಿ ಮೂರು ದಿನ ಬೆಳಿಗ್ಗೆ ಡೈರಿ ಹತ್ರ ನಿಂತ್ಕೊಳ್ಳಿ. ಕ್ಯೂ ಎಲ್ಲಿ ನಿಧಾನ ಆಗುತ್ತೆ? ಚೀಟಿ ಕೊಟ್ರೆ ಅದನ್ನ ಯಾರು ಓದ್ತಾರೆ, ಯಾರು ಜೇಬಿಗೆ ತುರುಕ್ತಾರೆ? ಮೊಬೈಲ್ ಯಾರ ಕೈಯಲ್ಲಿರುತ್ತೆ, ಹಾಲು ತಂದವರ ಕೈಯಲ್ಲಾ, ಮನೆಯಲ್ಲಿರೋ ಮಗನ ಕೈಯಲ್ಲಾ?

ಎರಡನೇದು, ಮಾತಾಡಿಸೋದು. "ನಿಮಗೊಂದು ಆ್ಯಪ್ ಇದ್ರೆ ಚೆನ್ನಾಗಿರುತ್ತಾ ಅಕ್ಕಾ?" ಅಂತ ಕೇಳಬೇಡಿ. ನಿಮ್ಮ ಮನಸ್ಸು ನೋಯಬಾರದು ಅಂತ "ಹ್ಞೂಂ ಕಣಪ್ಪ, ಮಾಡು" ಅಂದುಬಿಡ್ತಾರೆ. ಅದರ ಬದಲು, "ಹೋದ ಸಲ ಲೆಕ್ಕ ಸರಿ ಇಲ್ಲ ಅನಿಸಿದಾಗ ಏನು ಮಾಡಿದ್ರಿ?" ಅಂತ ಕೇಳಿ. ನಡೆದ ಘಟನೆ ಬಗ್ಗೆ ಕೇಳಿದ್ರೆ ನಿಜ ಸಿಗುತ್ತೆ.

ಮೂರನೇದು, ಪೇಪರ್. ಲ್ಯಾಪ್‌ಟಾಪ್ ತೆರೆಯೋ ಮುಂಚೆ ನೋಟ್‌ಬುಕ್ಕಲ್ಲಿ ಪೆನ್ಸಿಲಿನಿಂದ ಸ್ಕ್ರೀನ್ ಬರೆಯಿರಿ. ಅದನ್ನೇ ಅವರ ಕೈಗೆ ಕೊಟ್ಟು, "ನಿನ್ನೆ ಸಂಜೆ ಎಷ್ಟು ಲೀಟರ್ ಹಾಕಿದ್ರಿ, ಇದರಲ್ಲಿ ಎಲ್ಲಿದೆ ತೋರಿಸಿ" ಅನ್ನಿ. ಆಮೇಲೆ ಬಾಯಿ ಮುಚ್ಕೊಂಡು ಕೂರಿ. ಈ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದೇ. ಅವರು ತಪ್ಪು ಜಾಗ ಮುಟ್ಟಿದ್ರೆ ತಪ್ಪು ಅವರದ್ದಲ್ಲ, ನಿಮ್ಮ ಡ್ರಾಯಿಂಗ್‌ದು. ಎಷ್ಟು ಜನರ ಜೊತೆ ಮಾಡಬೇಕು? ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 2000ನೇ ಇಸವಿಯಲ್ಲಿ ಬರೆದ ಪ್ರಸಿದ್ಧ ಲೇಖನದ ಸಾರ ಇದು: ಒಂದೇ ಬಗೆಯ ಬಳಕೆದಾರರಲ್ಲಿ ಐದು ಜನರ ಜೊತೆ ಪರೀಕ್ಷೆ ಮಾಡಿದ್ರೂ ಹೆಚ್ಚಿನ ತೊಂದರೆಗಳು ಬೆಳಕಿಗೆ ಬರುತ್ತವೆ. ತಿದ್ದಿ, ಮತ್ತೆ ಐದು ಜನರ ಹತ್ರ ಹೋಗಿ. ಐದು ಜನ ಅಂದ್ರೆ ನಿಮ್ಮ ಬೀದಿಯಲ್ಲೇ ಸಿಗ್ತಾರೆ.

ನಾಲ್ಕನೇದು, ಕನ್ನಡ. ಇಲ್ಲಿ ನಿಮಗೆ ಬೇರೆಯವರಿಗಿಲ್ಲದ ಬಂಡವಾಳ ಇದೆ. ಇಂಗ್ಲಿಷ್‌ಗೆ ಅಂತ ಮಾಡಿದ ಬಟನ್‌ನಲ್ಲಿ ಕನ್ನಡ ಕೂರಿಸಿದ್ರೆ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗುತ್ತೆ. ಒತ್ತು ಹೋದ್ರೆ "ಕತ್ತೆ" ಅನ್ನೋದು "ಕತೆ" ಆಗುತ್ತೆ. ನಗು ಬರುತ್ತೆ, ಆದ್ರೆ ದುಡ್ಡಿನ ಲೆಕ್ಕ ತೋರಿಸೋ ಜಾಗದಲ್ಲಿ ಹೀಗಾದ್ರೆ ನಗು ಬರಲ್ಲ. ಹಾಗಾಗಿ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಥರದ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ, ಹಾಕಿ ನೋಡಿ. ಪದದ ಆಯ್ಕೆನೂ ಡಿಸೈನೇ. ಡೈರಿಯಲ್ಲಿ ಎಲ್ರೂ "ಫ್ಯಾಟು" ಅನ್ನುವಾಗ ನೀವು ಪರದೆ ಮೇಲೆ "ಕೊಬ್ಬಿನಾಂಶ" ಅಂತ ಬರೆಯೋದು ಸರಿನಾ? ಐದು ಜನರನ್ನ ಕೇಳಿ, ಉತ್ತರ ಬರೆದಿಟ್ಕೊಳ್ಳಿ. ಅದೂ ಒಂದು ವೋಚರ್ರೇ.

ಇದರ ಜೊತೆ ಎರಡು ಅಳತೆ ತಿಳ್ಕೊಂಡಿರಿ. ಬೆರಳಿಂದ ಒತ್ತೋ ಜಾಗ ಕನಿಷ್ಠ 48 ಡಿಪಿ ಇರಲಿ ಅನ್ನುತ್ತೆ ಆಂಡ್ರಾಯ್ಡ್ ಮಾರ್ಗಸೂಚಿ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಲಿ ಅನ್ನುತ್ತೆ ಡಬ್ಲ್ಯುಸಿಎಜಿ ಮಾನದಂಡದ ಎಎ ಹಂತ. ತಿಳಿ ಬೂದು ಅಕ್ಷರ ಏಸಿ ರೂಮಲ್ಲಿ ಸ್ಟೈಲಾಗಿ ಕಾಣುತ್ತೆ. ಹಾಲಿನ ಕ್ಯಾನ್ ಹಿಡಿದು ಬಿಸಿಲಲ್ಲಿ ನಿಂತವರಿಗೆ ಕಾಣಲ್ಲ.

ಕೊನೇ ಹೆಜ್ಜೆ, ಬರೆಯೋದು. ಮೇಲುಗಡೆನೇ ಮೂರು ವಿಷಯ ಬಂದುಬಿಡಲಿ: ಸಮಸ್ಯೆ ಏನಿತ್ತು, ಅದರಲ್ಲಿ ನನ್ನ ಪಾತ್ರ ಏನು, ಕೊನೆಗೆ ಏನಾಯ್ತು. ಆಮೇಲೆ ಮೊದಲ ಡ್ರಾಯಿಂಗ್, ಅದು ಎಲ್ಲಿ ಸೋತಿತು, ಏನು ಬದಲಾಯ್ತು. ಸೋತ ಡ್ರಾಯಿಂಗ್ ಮುಚ್ಚಿಡಬೇಡಿ, ನೀವು ಜನರ ಮಾತು ಕೇಳ್ತೀರಿ ಅನ್ನೋದಕ್ಕೆ ಅದೇ ಸಾಕ್ಷಿ. ಒಂದು ವೇಳೆ ಆ್ಯಪ್ ಬೇಡವೇ ಬೇಡ, ಚೀಟಿಯಲ್ಲಿ ಒಟ್ಟು ಮೊತ್ತವನ್ನ ದಪ್ಪ ಅಕ್ಷರದಲ್ಲಿ ಹಾಕಿದ್ರೆ ಸಾಕು ಅನ್ನೋ ತೀರ್ಮಾನಕ್ಕೆ ಬಂದ್ರೂ ಪರವಾಗಿಲ್ಲ. ಹಾಗಂತಾನೇ ಬರೆಯಿರಿ. ರೈತರ ಹೆಸರು, ಫೋನ್ ನಂಬರ್, ಖಾತೆ ವಿವರ ಮಾತ್ರ ಹಾಕಬೇಡಿ. ಫೋಟೋ ತೆಗೆಯೋ ಮುಂಚೆ ಕೇಳಿ.

"ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಕೇಸ್ ಸ್ಟಡಿ ಬರೆಯೋದು ಹೇಗೆ?" ಅಂತ ಕೇಳೋರಿದ್ದಾರೆ. ಸಣ್ಣ ಸಣ್ಣ ವಾಕ್ಯ ಬರೆಯಿರಿ. ಕನ್ನಡ ಸ್ಕ್ರೀನ್‌ಗಳನ್ನ ಹಾಗೇ ಇಟ್ಟು ಪಕ್ಕದಲ್ಲಿ ಅರ್ಥ ಹೇಳಿ. ದೊಡ್ಡ ದೊಡ್ಡ ಪದಗಳನ್ನ ಎಲ್ಲಿಂದಲೋ ಎತ್ತಿ ಹಾಕಿದ್ರೆ ಇಂಟರ್ವ್ಯೂನಲ್ಲಿ ಅದೇ ಪದದ ಮೇಲೆ ಪ್ರಶ್ನೆ ಬರುತ್ತೆ.

ಇಂಥ ಪ್ರಾಜೆಕ್ಟ್ ಎರಡೋ ಮೂರೋ ಇದ್ರೆ ಸಾಕು. ಹತ್ತು ಬೇಡ. ಮ್ಯಾಕ್‌ಬುಕ್ ಕೂಡ ಬೇಡ. 2016ರಿಂದ ಎಲ್ಲರಿಗೂ ಸಿಕ್ತಿರೋ ಫಿಗ್ಮಾ ಬ್ರೌಸರ್‌ನಲ್ಲೇ ಓಡುತ್ತೆ, ಉಚಿತ ಪ್ಲಾನ್ ಇದೆ. ಕಳಿಸೋ ಮುಂಚೆ ಲಿಂಕನ್ನ ಸ್ನೇಹಿತರ ಮೊಬೈಲಲ್ಲಿ ತೆರೆದು ನೋಡಿ. "ಅನುಮತಿ ಕೇಳಿ" ಅನ್ನೋ ಪುಟ ಬಂದ್ರೆ ನಿಮ್ಮ ಕಥೆ ಅಲ್ಲಿಗೇ ಮುಗೀತು, ಯಾರೂ ಕಾಯ್ತಾ ಕೂರಲ್ಲ.

ಈಗ ದುಡ್ಡಿನ ವಿಷಯ. ನಮ್ಮ ಏರಿಯಾ ಇದು. ದುಬಾರಿ ಕೋರ್ಸ್‌ಗಳು "ಸುಲಭ ಕಂತು" ಅನ್ನುತ್ತವೆ. ಎಷ್ಟೋ ಸಲ ಆ ಕಂತು ಕೋರ್ಸಿನವರದ್ದಲ್ಲ, ಯಾವುದೋ ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲೋ, ಅಪ್ಪನ ಹೆಸರಲ್ಲೋ ಕೊಟ್ಟ ಸಾಲ. ಕ್ಲಾಸ್ ಇಷ್ಟ ಆಗಲಿಲ್ಲ ಅಂತ ಮಧ್ಯದಲ್ಲಿ ಬಿಟ್ರೂ ಇಎಂಐ ತಾನಾಗಿ ನಿಲ್ಲಲ್ಲ. ಕಟ್ಟದಿದ್ರೆ ಸಿಬಿಲ್ ಸ್ಕೋರ್‌ಗೆ ಪೆಟ್ಟು. ಸಹಿ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳಿ. ಸಾಲ ಕೊಡ್ತಿರೋದು ಯಾರು? ಬಿಟ್ರೆ ಎಷ್ಟು ವಾಪಸ್? "ಕೆಲಸ ಗ್ಯಾರಂಟಿ" ಅಂದ್ರೆ ಎಂಥ ಕೆಲಸ, ಎಷ್ಟು ಸಂಬಳ, ಎಲ್ಲಿ ಬರೆದಿದೆ? ಬಾಯಿಮಾತಲ್ಲಿ ಹೇಳಿದ ಗ್ಯಾರಂಟಿಗೂ ವೋಚರ್ ಬೇಕು.

ಡಿಗ್ರಿನೇ ಮಾಡಬೇಕು ಅನ್ನೋರಿಗೂ ದಾರಿ ಇದೆ. ಐಐಟಿ ಬಾಂಬೆ ನಡೆಸೋ ಸೀಡ್ ಪರೀಕ್ಷೆ ಎಂಡಿಸ್ ಪ್ರವೇಶಕ್ಕೆ. ಪಿಯುಸಿ ನಂತರ ಕನಿಷ್ಠ ಮೂರು ವರ್ಷದ ಡಿಗ್ರಿ ಅಥವಾ ಡಿಪ್ಲೊಮಾ ಮುಗಿಸಿದವರು, ಕೊನೇ ವರ್ಷದಲ್ಲಿರೋರು ಬರೆಯಬಹುದು. ಬಿಕಾಂ, ಬಿಎ ಆದ್ರೂ ಸರಿ. ವಯಸ್ಸಿನ ಮಿತಿ ಇಲ್ಲ. ಆದ್ರೆ ಸೇರಿಸ್ಕೊಳ್ಳೋ ಸಂಸ್ಥೆಗಳ ನಿಯಮ ಬೇರೆ ಬೇರೆ, ಕೆಲವು ಕಡೆ ಎಂಜಿನಿಯರಿಂಗ್ ಥರದ ಡಿಗ್ರಿನೇ ಕೇಳ್ತಾರೆ. ಫೀಸ್ ಕಟ್ಟೋ ಮುಂಚೆ ಓದ್ಕೊಳ್ಳಿ.

ಇನ್ನು ಇಂಟರ್ವ್ಯೂನಲ್ಲಿ ಕೊಡೋ ಅಸೈನ್‌ಮೆಂಟ್. ಕೆಲವು ಗಂಟೆಗಳ ಕಾಲ್ಪನಿಕ ಟಾಸ್ಕ್ ಆದ್ರೆ ಸರಿ. ಕಂಪನಿಯ ಈಗಿನ ಪ್ರಾಡಕ್ಟ್‌ಗೇ ಒಂದು ವಾರದ ಕೆಲಸ ಪುಕ್ಕಟೆ ಮಾಡಿಸಿದ್ರೆ ಅದು ಪರೀಕ್ಷೆ ಅಲ್ಲ, ಬಿಟ್ಟಿ ದುಡಿಮೆ. "ಎಷ್ಟು ಗಂಟೆ ನಿರೀಕ್ಷೆ ಮಾಡ್ತೀರಿ, ಇದನ್ನ ಬಳಸ್ಕೊಂಡ್ರೆ ಪೇಮೆಂಟ್ ಇದೆಯಾ?" ಅಂತ ವಿನಯವಾಗಿ ಮೇಲ್ ಮಾಡಿ ಕೇಳಿ. ಕೇಳಿದ್ದಕ್ಕೇ ಸಿಟ್ಟಾಗೋ ಕಡೆ ಕೆಲಸ ಸಿಕ್ಕ ಮೇಲೂ ಕಷ್ಟವೇ.

ಫ್ರೀಲ್ಯಾನ್ಸ್ ಮಾಡೋರು ಅಡ್ವಾನ್ಸ್ ಇಲ್ಲದೆ ಫೈಲ್ ತೆರೆಯಬೇಡಿ. ಎಷ್ಟು ಸಲ ತಿದ್ದುಪಡಿ ಅಂತ ಮೊದಲೇ ಬರವಣಿಗೆಯಲ್ಲಿ ಇರಲಿ. ಕ್ಲೈಂಟ್ ಟಿಡಿಎಸ್ ಹಿಡಿದ್ರೆ ದುಡ್ಡು ಹೋಯ್ತು ಅಂತ ಕೂರಬೇಡಿ. ರಿಟರ್ನ್ ಸಲ್ಲಿಸಿದಾಗ ಅದು ನಿಮ್ಮ ತೆರಿಗೆ ಲೆಕ್ಕಕ್ಕೆ ಜಮಾ ಆಗುತ್ತೆ, ಹೆಚ್ಚಾಗಿದ್ರೆ ವಾಪಸ್ ಬರುತ್ತೆ.

ಈ ಭಾನುವಾರ ಒಂದೇ ಒಂದು ಕೆಲಸ ಮಾಡಿ. ಡೈರಿ, ಬಸ್ ಸ್ಟ್ಯಾಂಡ್, ಟೈಲರ್ ಅಂಗಡಿ, ರೇಷನ್ ಅಂಗಡಿ, ಯಾವುದಾದ್ರೂ ಒಂದು ಜಾಗದಲ್ಲಿ ಒಂದು ಗಂಟೆ ನಿಂತು ಜನ ಎಲ್ಲಿ ತಡವರಿಸ್ತಾರೆ ಅಂತ ನೋಡಿ. ಮೂರು ಸಾಲು ಬರೆದಿಟ್ಕೊಳ್ಳಿ. ಮೊದಲ ವೋಚರ್ ಅದೇ. ಬರೆದಿದ್ದನ್ನ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಓದ್ತೀನಿ.