ಹಾಜರಿ ಮತ್ತು ಆರತಿ: ಸೇನೆಯ ಧರ್ಮನಿರಪೇಕ್ಷತೆ, ನಂಬದವನ ಹಕ್ಕು



 ಈ ಉಪನ್ಯಾಸದ ದತ್ತಿ ಸ್ಥಾಪಿಸಿದ ಮೇಷ್ಟ್ರು ದತ್ತಿಪತ್ರದಲ್ಲಿ ಹಾಕಿದ ನಿಬಂಧನೆ ಒಂದೇ. ಸಂವಿಧಾನದ ಯಾವುದಾದರೊಂದು ವಿಧಿಯನ್ನು ಎಲ್ಲರಿಗೂ ತಿಳಿಯುವ ಹಾಗೆ ವಿವರಿಸಬೇಕು. ನಾನು ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿಯನ್ನು ಆರಿಸಿಕೊಂಡಿದ್ದೇನೆ. ಅದು ಹೆಚ್ಚು ಚರ್ಚೆಯಾಗುವುದು ಗುಡಿ, ಮಸೀದಿ, ಮಠಗಳ ವಿಷಯದಲ್ಲಿ. ನಾನು ಅದನ್ನು ಸೈನಿಕ ಶಿಬಿರದೊಳಕ್ಕೆ ಕರೆದೊಯ್ಯಬೇಕೆಂದಿದ್ದೇನೆ.

ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಭಾರತೀಯ ಸೇನೆಗೆ ತನ್ನದೆಂಬ ಧರ್ಮವಿಲ್ಲ, ಸೈನಿಕರಿಗೆ ಇದೆ. ಅವರಿಗಾಗಿ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷುಗಳನ್ನು ಜೆಸಿಒ (ಕಿರಿಯ ಕಮಿಷನ್ಡ್ ಅಧಿಕಾರಿ) ದರ್ಜೆಯಲ್ಲಿ ನೇಮಿಸುತ್ತಾರೆ. ಹಲವು ಪಡೆಗಳಲ್ಲಿ ಸರ್ವಧರ್ಮ ಸ್ಥಳಗಳಿವೆ. ಸೇರುವಾಗ ಮಾಡುವ ಪ್ರಮಾಣದಲ್ಲಿ ದೇವರ ಹೆಸರು ಹೇಳಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡನೆಯ ದಾರಿಯ ಹಿಂದೆ ಚಾರ್ಲ್ಸ್ ಬ್ರಾಡ್ಲಾ ಎಂಬ ಇಂಗ್ಲಿಷ್ ನಾಸ್ತಿಕನ ದೀರ್ಘ ಹೋರಾಟವಿದೆ. ಹರೆಯದಲ್ಲಿ ಡ್ರಗೂನ್ ಗಾರ್ಡ್ಸ್ ಪಡೆಯ ಸೈನಿಕನಾಗಿದ್ದ ಆತ 1880ರಲ್ಲಿ ಪಾರ್ಲಿಮೆಂಟಿಗೆ ಗೆದ್ದರೂ ಆಸನ ದಕ್ಕಿದ್ದು 1886ರಲ್ಲಿ. 1888ರ ಪ್ರಮಾಣ ಕಾಯ್ದೆ ಅವನ ಗೆಲುವು. ಮುಂದಿನ ವರ್ಷ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ. ನಮ್ಮ ಸಂವಿಧಾನ ಸಭೆಯಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತರು ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ಪಟ್ಟು ಹಿಡಿದರು. 1949ರ ಅಕ್ಟೋಬರ್ 17ರಂದು ಆ ಸೂಚನೆಯ ಪರ 41, ವಿರುದ್ಧ 68 ಮತ ಬಿದ್ದವು. ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ.

ಪುಸ್ತಕಗಳು ಮುಟ್ಟದ ಪ್ರಶ್ನೆ ಬೇರೆ. ಪ್ರಮಾಣದ ದಿನ ದೇವರ ಹೆಸರು ಹೇಳದಿರಲು ಬಿಟ್ಟ ಸೇನೆ, ಮರುವಾರದ ಮಂದಿರ್ ಪರೇಡಿನಲ್ಲಿ, ಎಂದರೆ ಪಡೆಯ ಸಾಮೂಹಿಕ ಪೂಜೆಯಲ್ಲಿ, ಅದೇ ಸೈನಿಕನ ಕೈಗೆ ಆರತಿ ತಟ್ಟೆ ಕೊಟ್ಟರೆ ಅವನು ಏನು ಮಾಡಬೇಕು?

ಈ ಪ್ರಶ್ನೆಯ ಹತ್ತಿರಕ್ಕೆ ಬಂದ ಪ್ರಕರಣ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ಕಮಲೇಸನ್ ಅವರದು. 2017ರಲ್ಲಿ 3ನೇ ಕ್ಯಾವಲ್ರಿ ಸೇರಿದ ಈ ಕ್ರೈಸ್ತ ಅಧಿಕಾರಿ ಸಿಖ್ ಸೈನಿಕರ ತುಕಡಿಯ ನಾಯಕರಾಗಿದ್ದರು. ರೆಜಿಮೆಂಟಿನಲ್ಲಿ ಮಂದಿರ, ಗುರುದ್ವಾರ ಇದ್ದವು. ನನ್ನ ಸೈನಿಕರ ಜೊತೆ ಅಲ್ಲಿಗೆ ಹೋಗುತ್ತೇನೆ, ಬೂಟು, ಬೆಲ್ಟ್ ಕಳಚುತ್ತೇನೆ, ಗರ್ಭಗುಡಿಯೊಳಗೆ ಹೋಗಿ ಪೂಜೆಯಲ್ಲಿ ಪಾಲ್ಗೊಳ್ಳುವುದರಿಂದ ಮಾತ್ರ ವಿನಾಯಿತಿ ಕೊಡಿ ಎಂಬುದು ಅವರ ನಿಲುವು. 2021ರ ಮಾರ್ಚ್‌ನಲ್ಲಿ ಅವರನ್ನು ಸೇವೆಯಿಂದ ವಜಾ ಮಾಡಿದರು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ವಜಾ ಸರಿಯೆಂದಿತು. ಅದೇ ವರ್ಷ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು.

ತೀರ್ಪನ್ನು ಬೆಂಬಲಿಸುವವರ ವಾದವನ್ನು ಅದರ ಪೂರ್ಣ ಬಲದಲ್ಲೇ ಇಡುತ್ತೇನೆ. ಅವರ ಪ್ರಕಾರ ಇದು ಧರ್ಮದ ಮಾತಲ್ಲ, ಶಿಸ್ತಿನ ಮಾತು. ಸೈನಿಕರು ಪ್ರಾಣ ಪಣಕ್ಕಿಡುವ ಮುನ್ನ ದೇವರನ್ನು ನೆನೆಯುತ್ತಾರೆ. ಆ ಕ್ಷಣದಲ್ಲಿ ದೂರ ನಿಂತ ಅಧಿಕಾರಿ ಅವರಿಗೆ ಪರಕೀಯನಾಗುತ್ತಾನೆ. ಹಾಗಾಗಿ ಒಳಗೆ ಬಾ ಎಂಬ ಆಜ್ಞೆ ಕಾನೂನುಬದ್ಧ.

ಈ ವಾದ ಹೊಸದಲ್ಲ. ಅಮೆರಿಕದ ವೆಸ್ಟ್ ಪಾಯಿಂಟ್, ಅನಾಪೊಲಿಸ್, ಕೊಲರಾಡೊ ಸ್ಪ್ರಿಂಗ್ಸ್ ಸೈನಿಕ ಅಕಾಡೆಮಿಗಳಲ್ಲಿ ಭಾನುವಾರದ ಪ್ರಾರ್ಥನೆಗೆ ಹೋಗುವುದು ಕಡ್ಡಾಯವಾಗಿತ್ತು. ಕೆಡೆಟ್‌ಗಳು ಇದನ್ನು ಪ್ರಶ್ನಿಸಿದಾಗ ಸರ್ಕಾರ ಕೊಟ್ಟ ಉತ್ತರ ನಮ್ಮವರ ಉತ್ತರದ ಅಣ್ಣನಂತಿದೆ. ಇದು ಪೂಜೆಗಲ್ಲ, ತರಬೇತಿಗೆ. ನಾಳೆ ತನ್ನ ಕೈಕೆಳಗಿನ ಸೈನಿಕರ ನಂಬಿಕೆ ಏನೆಂದು ಅಧಿಕಾರಿಗೆ ಗೊತ್ತಿರಬೇಕು ಎಂದಿತು. ಜಂಟಿ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರಾಗಿದ್ದ ಅಡ್ಮಿರಲ್ ಥಾಮಸ್ ಮೂರರ್ ಕಡ್ಡಾಯದ ಪರವಾಗಿ ಸಾಕ್ಷ್ಯ ನುಡಿದರು. ಕೆಳ ನ್ಯಾಯಾಲಯ ಒಪ್ಪಿಕೊಂಡಿತು. 1972ರ ಜೂನ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಆಂಡರ್ಸನ್ ಮತ್ತು ಲೇರ್ಡ್ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ ಇಬ್ಬರು ನ್ಯಾಯಾಧೀಶರು ಕಡ್ಡಾಯವನ್ನು ರದ್ದು ಮಾಡಿದರು, ಒಬ್ಬರು ಭಿನ್ನಮತ ಬರೆದರು. ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಆ ಮೂರು ಅಕಾಡೆಮಿಗಳು ಇಂದಿಗೂ ಅಧಿಕಾರಿಗಳನ್ನು ತಯಾರು ಮಾಡುತ್ತಲೇ ಇವೆ, ಪ್ರಾರ್ಥನಾಲಯಗಳೂ ತೆರೆದೇ ಇವೆ. ಸೈನಿಕರ ನಂಬಿಕೆಯನ್ನು ಅಧಿಕಾರಿ ಅರಿಯಬೇಕೆಂಬುದು ಸರಿ. ಅರಿಯುವುದಕ್ಕೆ ಆಚರಿಸಲೇಬೇಕೆಂಬುದನ್ನು ಅಂದೂ ಯಾರೂ ರುಜುವಾತು ಮಾಡಲಿಲ್ಲ, ಇಂದೂ ಮಾಡಿಲ್ಲ.

ಕಮಲೇಸನ್ ಅವರ ಪರ ನಿಂತವರ ವಾದವೂ ನನಗೆ ಸಾಲದು. ವಿಗ್ರಹದ ಮುಂದೆ ಪೂಜೆ ಮಾಡಬಾರದೆಂಬುದು ಅವರ ಧರ್ಮದ ಅತ್ಯಗತ್ಯ ಅಂಶ ಎಂದು ಇವರು ವಾದಿಸುತ್ತಾರೆ. ಆಗ ಚರ್ಚೆ ಬೈಬಲ್ಲಿಗೂ ಪಾದ್ರಿಯ ಅಭಿಪ್ರಾಯಕ್ಕೂ ಜಾರುತ್ತದೆ. ಒಳಗೆ ಹೋದರೆ ತಪ್ಪಿಲ್ಲ ಎಂದು ಪಾದ್ರಿಯೊಬ್ಬರು ಹೇಳಿದ ಸಂಗತಿ ಈ ಪ್ರಕರಣದಲ್ಲಿ ಅವರ ವಿರುದ್ಧವೇ ಬಂತು. ಅದೇ ಜಾಗದಲ್ಲಿ ನಾಸ್ತಿಕ ಅಧಿಕಾರಿಯೊಬ್ಬ ನಿಂತಿದ್ದರೆ? ಅವನಿಗೆ ಧರ್ಮಗ್ರಂಥವಿಲ್ಲ, ಅವನ ಪರವಾಗಿ ಮಾತಾಡುವ ಗುರುವಿಲ್ಲ. ಅತ್ಯಗತ್ಯ ಅಂಶದ ಅಳತೆಗೋಲು ಹಿಡಿದ ಕ್ಷಣವೇ ಅವನು ಕಾನೂನಿನ ಕಣ್ಣಿಂದ ಮರೆಯಾಗುತ್ತಾನೆ. ನಂಬುವವನಿಗೆ ಅರೆಬರೆ ರಕ್ಷಣೆ, ನಂಬದವನಿಗೆ ಏನೂ ಇಲ್ಲ ಎಂಬ ವ್ಯವಸ್ಥೆಯನ್ನು ಧರ್ಮನಿರಪೇಕ್ಷ ಎನ್ನಲು ನಾನು ಸಿದ್ಧನಿಲ್ಲ.

25ನೇ ವಿಧಿ ಮೊದಲು ಕೊಡುವುದು ಅಂತಃಸಾಕ್ಷಿಯ ಸ್ವಾತಂತ್ರ್ಯ; ಧರ್ಮಾಚರಣೆ ಆಮೇಲಿನದು. 1986ರ ಬಿಜೋ ಇಮ್ಯಾನುಯಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರಿಯಾಗಿ ಓದಿತ್ತು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತ್ತು. ಅವರ ನಂಬಿಕೆ ನಮಗೆ ಒಪ್ಪಿಗೆಯೇ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಕೇಳಲಿಲ್ಲ. ಅದು ಪ್ರಾಮಾಣಿಕವಾದದ್ದೇ ಎಂದು ಕೇಳಿದರು, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿದರು. ಎದ್ದು ನಿಲ್ಲುವುದು ಬೇರೆ, ಹಾಡುವುದು ಬೇರೆ. ಹಾಜರಿ ಬೇರೆ, ಆರತಿ ಬೇರೆ. ಆ ಪರೀಕ್ಷೆಯಲ್ಲಿ ನಾಸ್ತಿಕನೂ ಗೆಲ್ಲಬಲ್ಲ.

ಶಾಲೆಯ ಮಾತು ಸೇನೆಗೆ ಅನ್ವಯಿಸದು, 33ನೇ ವಿಧಿ ಇದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ನನ್ನ ಸ್ವಂತ ಓದಿನ ಫಲವನ್ನು ಇಲ್ಲಿ ಸಭೆಯ ಮುಂದಿಡುತ್ತೇನೆ. ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು 33ನೇ ವಿಧಿ ಕೊಟ್ಟಿರುವುದು ಸಂಸತ್ತಿಗೆ. ಸಂಸತ್ತು 1950ರ ಸೇನಾ ಕಾಯ್ದೆಯ 21ನೇ ಕಲಮಿನಲ್ಲಿ ಅದನ್ನು ಬಳಸಿಯೂ ಇದೆ. ಅಲ್ಲಿ ಹೆಸರಿಸಿರುವುದು ಕಾರ್ಮಿಕ ಸಂಘ, ಇತರ ಸಂಘಸಂಸ್ಥೆಗಳ ಸದಸ್ಯತ್ವ, ಸಭೆ, ಪ್ರದರ್ಶನ, ಪತ್ರಿಕೆಗಳ ಸಂಪರ್ಕ. ಅಂತಃಸಾಕ್ಷಿಯ ಸುದ್ದಿಯೇ ಇಲ್ಲ. ಇಡೀ ಸೇನಾ ಕಾಯ್ದೆಯೇ 33ನೇ ವಿಧಿಯಡಿ ಬಂದದ್ದೆಂದು 1982ರ ಪೃಥಿಪಾಲ್ ಸಿಂಗ್ ಬೇಡಿ ತೀರ್ಪು ಹೇಳಿದೆ, ಆಜ್ಞೆ ಮೀರುವುದನ್ನು ಅಪರಾಧವೆನ್ನುವ 41ನೇ ಕಲಮು ಸಾಕು ಎಂದು ಎದುರಾಳಿಗಳು ಹೇಳಬಹುದು. ಆದರೆ ಆ ಕಲಮು ಶಿಕ್ಷಿಸುವುದು ಕಾನೂನುಬದ್ಧ ಆಜ್ಞೆಯ ಉಲ್ಲಂಘನೆಯನ್ನು. ಪೂಜೆ ಮಾಡು ಎಂಬ ಆಜ್ಞೆ ಕಾನೂನುಬದ್ಧವೇ ಎಂಬುದೇ ಪ್ರಶ್ನೆಯಾಗಿರುವಾಗ, ಆಜ್ಞೆ ಮೀರಿದ್ದರಿಂದ ಅಪರಾಧ ಎನ್ನುವುದು ಉತ್ತರವಾಗದು. ಮೇಷ್ಟ್ರ ದತ್ತಿಯ ಆಶಯಕ್ಕೆ ನಾನು ಸಲ್ಲಿಸಬಹುದಾದದ್ದು ಈ ಒಂದು ಓದು.

ನನ್ನ ಕಡೆಯವರೊಂದಿಗೂ ನನಗೆ ಜಗಳವಿದೆ. ಶಿಬಿರಗಳಿಂದ ಗುಡಿಗಳನ್ನು ಎತ್ತಿಹಾಕಿ, ದೇವರ ಹೆಸರಿನ ರಣಘೋಷ ನಿಲ್ಲಿಸಿ ಎನ್ನುವವರಿದ್ದಾರೆ. ರಾಜಪುತಾನಾ ರೈಫಲ್ಸ್‌ನವರು ರಾಮಚಂದ್ರನಿಗೆ, ಗೂರ್ಖಾಗಳು ಮಹಾಕಾಳಿಗೆ ಜೈ ಎನ್ನುವುದು ಆ ಪಡೆಗಳ ಬದುಕಿನಲ್ಲಿ ಬೆರೆತಿದೆ. ಅದನ್ನು ಕಿತ್ತುಕೊಳ್ಳುವುದು ಅನ್ಯಾಯ. ದೇವರ ಹೆಸರಿಲ್ಲದಿದ್ದರೆ ಸೈನಿಕನಿಗೆ ಕೆಚ್ಚು ಬಾರದು ಎನ್ನುವವರ ಮಾತೂ ಅಷ್ಟೇ ತಪ್ಪು. ಮಹಾರ್ ರೆಜಿಮೆಂಟಿನ ಘೋಷ ಹಿಂದೂಸ್ತಾನದ ಜಯಕಾರ.  ಮದ್ರಾಸ್ ರೆಜಿಮೆಂಟಿನ 'ವೀರ ಮದ್ರಾಸಿ'ಯಲ್ಲಿ ಯಾವ ದೇವರೂ ಇಲ್ಲ. ಈ ಪಡೆಗಳ ಪರಾಕ್ರಮವನ್ನು ಯಾರೂ ಶಂಕಿಸಿಲ್ಲ.

ನಂಬದವನಿಗೂ ಜಾಗ ಕೊಟ್ಟ ಸೇನೆಯ ಉದಾಹರಣೆ ಇದೆ. ನೆದರ್ಲೆಂಡ್ಸ್ ಸೇನೆಯಲ್ಲಿ 1964ರಿಂದಲೂ ಪಾದ್ರಿಗಳ ಜೊತೆಗೆ ಮಾನವತಾವಾದಿ ಆಪ್ತಸಲಹೆಗಾರರಿದ್ದಾರೆ. ಗಾಯಗೊಂಡ, ಗೆಳೆಯನನ್ನು ಕಳೆದುಕೊಂಡ ನಾಸ್ತಿಕ ಸೈನಿಕನಿಗೂ ಮನಸ್ಸು ತೋಡಿಕೊಳ್ಳಲು ಒಬ್ಬರು ಬೇಕೆಂದು ಆ ಸೇನೆ ಒಪ್ಪಿಕೊಂಡಿದೆ. ನಮ್ಮಲ್ಲಿ ಈ ಚರ್ಚೆ ಇನ್ನೂ ಶುರುವಾಗಿಲ್ಲ.

ನನ್ನ ಸಲಹೆ ಇಷ್ಟು. ಸೈನಿಕರ ಉತ್ಸವಕ್ಕೆ, ಶೋಕಕ್ಕೆ, ಬಡಾ ಖಾನಾ ಎಂಬ ಸಾಮೂಹಿಕ ಭೋಜನಕ್ಕೆ ಅಧಿಕಾರಿ ಹಾಜರಿರಲೇಬೇಕೆಂದು ನಿಯಮ ಹೇಳಲಿ, ಅದನ್ನು ನಾನು ಬೆಂಬಲಿಸುತ್ತೇನೆ. ಕೈಮುಗಿಯುವುದು, ಆರತಿ ಎತ್ತುವುದು, ಪ್ರಸಾದ ಸ್ವೀಕರಿಸುವುದು ಅವನ ಇಷ್ಟಕ್ಕೆ ಬಿಟ್ಟದ್ದೆಂದೂ ಅದೇ ನಿಯಮ ಹೇಳಲಿ. ಇಲ್ಲ, ಪೂಜೆಯೂ ಕರ್ತವ್ಯವೇ ಎಂದು ಸರ್ಕಾರ ನಿಜಕ್ಕೂ ನಂಬಿದ್ದರೆ, 21ನೇ ಕಲಮಿಗೆ ತಿದ್ದುಪಡಿ ತಂದು ಸಂಸತ್ತಿನಲ್ಲಿ ಬಹಿರಂಗವಾಗಿ ಮತಕ್ಕೆ ಹಾಕಲಿ. ಈ ಸಭೆಯಲ್ಲಿರುವ ವಕೀಲ ಮಿತ್ರರೂ ಶಾಸನಸಭೆಗಳ ಸದಸ್ಯರೂ ಆ ಒತ್ತಾಯವನ್ನು ದೆಹಲಿಗೆ ಮುಟ್ಟಿಸಬೇಕೆಂದು ಕೇಳಿಕೊಳ್ಳುತ್ತೇನೆ.